ಹಿಮ ಒಂದೇ ಲಯದಲ್ಲಿ ಕರಗುವುದಿಲ್ಲ: ಧ್ರುವಗಳ ಹಳೆಯ ಲೆಕ್ಕ ಮತ್ತು ಕಾಸರಗೋಡಿನ ಕಡಲು

ಮಳೆಗಾಲ ಶುರುವಾಯಿತೆಂದರೆ ಮಂಜೇಶ್ವರದಿಂದ ತೃಕ್ಕರಿಪುರದ ತನಕ ಕಡಲ್ಕೊರೆತದ ಸುದ್ದಿ ಬರುತ್ತಲೇ ಇರುತ್ತದೆ. ಉಪ್ಪಳದ ಮುಸೋಡಿ, ಕುಂಬಳೆಯ ಕೊಯಿಪ್ಪಾಡಿ, ಕಾಸರಗೋಡಿನ ಕಸಬಾ ಕಡಪ್ಪುರ, ಬೇಕಲದ ಪಕ್ಕದ ತೃಕ್ಕಣ್ಣಾಡು. ಊರಿನ ಹೆಸರು ಬದಲಾಗುತ್ತದೆ, ಕತೆ ಅದೇ. ತೆಂಗು ಬೀಳುತ್ತದೆ, ರಸ್ತೆ ಕಡಿದುಹೋಗುತ್ತದೆ, ಲಾರಿಯಲ್ಲಿ ಬಂಡೆಕಲ್ಲು ಬರುತ್ತದೆ. ಆಮೇಲೆ ಚರ್ಚೆ. "ಧ್ರುವದ ಐಸ್ ಕರಗ್ತಾ ಇದೆಯಂತೆ, ಅದಕ್ಕೇ ಹೀಗೆ" ಎನ್ನುತ್ತಾರೆ ಒಬ್ಬರು. "ವರ್ಷಕ್ಕೆ ನಾಲ್ಕು ಮಿಲಿಮೀಟರ್ ಅಂತೆ ಮಾರಾಯ್ರೆ, ನೂರು ವರ್ಷಕ್ಕೆ ಒಂದೂವರೆ ಅಡಿಯೂ ಆಗುವುದಿಲ್ಲ" ಎನ್ನುತ್ತಾರೆ ಇನ್ನೊಬ್ಬರು.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಮೊದಲನೆಯದನ್ನು ಬೇಗ ಮುಗಿಸಿಬಿಡೋಣ.

ಇವತ್ತು ನಮ್ಮ ಕರಾವಳಿ ಕೊರೆದುಹೋಗುತ್ತಿರುವುದಕ್ಕೆ ಹಿಮ ಕರಗುವುದು ಮುಖ್ಯ ಕಾರಣ ಅಲ್ಲ. ಹೊಳೆಗಳು ತರುವ ಹೊಯಿಗೆ ಕಡಿಮೆಯಾಗಿದೆ. ಅಣೆಕಟ್ಟು, ಮರಳುಗಾರಿಕೆ ಎರಡೂ ಅದಕ್ಕೆ ಕಾರಣ. ಅಳಿವೆ ಬಾಯಿ ಜಾಗ ಬದಲಿಸುತ್ತದೆ. ಬಂದರಿಗೆ ಬ್ರೇಕ್‌ವಾಟರ್ ಕಟ್ಟಿದರೆ ಒಂದು ಬದಿಯಲ್ಲಿ ಹೊಯಿಗೆ ತುಂಬುತ್ತದೆ, ಇನ್ನೊಂದು ಬದಿ ಖಾಲಿಯಾಗುತ್ತದೆ. ಒಂದು ಕಡೆ ತಡೆಗೋಡೆ ಹಾಕಿದರೆ ಅಲೆಯ ಪೆಟ್ಟು ಪಕ್ಕದ ಊರಿಗೆ ಹೋಗುತ್ತದೆ. ಮಲಯಾಳದಲ್ಲಿ 'ಕಳ್ಳಕ್ಕಡಲ್' ಎನ್ನುವ ಉಬ್ಬರವೂ ಇದೆ. ನಮ್ಮಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಓಡಿಬಂದು ದಡ ಹತ್ತುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಮುದ್ರ ಮಾಹಿತಿ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ, ದೇಶದ ಕರಾವಳಿಯ 33.6% ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಹೇಳಿತ್ತು. ಇದರಲ್ಲಿ ಹೆಚ್ಚಿನದು ಮನುಷ್ಯರು ದಡದಲ್ಲೇ ಮಾಡಿಕೊಂಡದ್ದು.

ಎರಡನೆಯ ಮಾತು ಜಾಸ್ತಿ ಅಪಾಯದ್ದು. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಈ ವರ್ಷ ಕರಗಿದಷ್ಟೇ ಮುಂದಿನ ವರ್ಷವೂ, ನೂರನೆಯ ವರ್ಷವೂ ಹಿಮ ಕರಗುತ್ತದೆ ಎಂದು ಅದು ಸುಮ್ನೆ ನಂಬಿಕೊಂಡಿದೆ. ಭೂಮಿಯ ಹಳೆಯ ದಾಖಲೆ ನೋಡಿದರೆ ಹಿಮ ಹಾಗೆ ನಡೆದುಕೊಂಡದ್ದೇ ಕಡಿಮೆ.

ಎಷ್ಟು ಐಸ್, ಎಷ್ಟು ನೀರು

ಸಮುದ್ರದ ಮೇಲೆ ತೇಲುವ ಐಸ್ ಕರಗಿದರೆ ನೀರಿನ ಮಟ್ಟ ಹೆಚ್ಚುಕಡಿಮೆ ಏರುವುದೇ ಇಲ್ಲ. ಲೆಕ್ಕಕ್ಕೆ ಬರುವುದು ನೆಲದ ಮೇಲೆ ಕೂತ ಐಸ್. ಇಡೀ ಖಂಡವನ್ನೋ ಭಾರೀ ದ್ವೀಪವನ್ನೋ ಮುಚ್ಚುವಷ್ಟು ದೊಡ್ಡದಾದರೆ ಅದನ್ನು ಹಿಮಹಾಸು ಎನ್ನೋಣ. ಈಗ ಅಂಥವು ಇರುವುದು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದಲ್ಲಿ ಮಾತ್ರ. ಗ್ರೀನ್‌ಲ್ಯಾಂಡಿನದು ಪೂರ್ತಿ ಕರಗಿದರೆ ಜಗತ್ತಿನ ಸಮುದ್ರ ಸುಮಾರು 7.4 ಮೀಟರ್ ಏರುತ್ತದೆ. ಅಂಟಾರ್ಕ್ಟಿಕಾದ್ದು ಪೂರ್ತಿ ಹೋದರೆ ಸುಮಾರು 58 ಮೀಟರ್. ಅದರಲ್ಲಿ ದೊಡ್ಡ ಪಾಲು ಪೂರ್ವ ಅಂಟಾರ್ಕ್ಟಿಕಾದ್ದು. ಪಶ್ಚಿಮ ಅಂಟಾರ್ಕ್ಟಿಕಾದ ಪಾಲು ಕೆಲವೇ ಮೀಟರ್. ಆದರೆ ತೊಂದರೆಯ ಗಿರಾಕಿ ಅದೇ, ಮುಂದೆ ನೋಡೋಣ.

ಹಿಮಹಾಸು ಕಲ್ಲಿನಂತೆ ಕೂತಿರುವ ವಸ್ತುವಲ್ಲ. ಮಧ್ಯದಲ್ಲಿ ಹಿಮ ಬೀಳುತ್ತಾ ಹೋಗುತ್ತದೆ, ತನ್ನದೇ ಭಾರಕ್ಕೆ ಅದು ಕಾವಲಿಗೆ ಹೊಯ್ದ ದೋಸೆಹಿಟ್ಟಿನ ಹಾಗೆ ನಿಧಾನಕ್ಕೆ ಹೊರಗೆ ಹರಡುತ್ತದೆ. ಅಂಚಿನಲ್ಲಿ ಕರಗುತ್ತದೆ, ಇಲ್ಲವೇ ತುಂಡಾಗಿ ಸಮುದ್ರಕ್ಕೆ ಬೀಳುತ್ತದೆ. ಬಿದ್ದದ್ದು ಜಾಸ್ತಿಯಾದರೆ ಹಾಸು ಬೆಳೆಯುತ್ತದೆ, ಹೋದದ್ದು ಜಾಸ್ತಿಯಾದರೆ ಕುಗ್ಗುತ್ತದೆ. ಇವತ್ತಿನ ಲೆಕ್ಕದಲ್ಲಿ ಎರಡೂ ಕಡೆ ಹೋಗುವುದೇ ಜಾಸ್ತಿ. ಉಪಗ್ರಹಗಳು 2002ರಿಂದ ಅಳೆದ ಪ್ರಕಾರ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 26,000 ಕೋಟಿ ಟನ್‌ಗಿಂತ ಹೆಚ್ಚು ಐಸ್ ಕಳೆದುಕೊಳ್ಳುತ್ತಿದೆ. ಅಂಟಾರ್ಕ್ಟಿಕಾದ ನಷ್ಟ ಅದರ ಅರ್ಧದ ಆಸುಪಾಸಿನಲ್ಲಿದೆ. ಸುಮಾರು 36,000 ಕೋಟಿ ಟನ್ ಐಸ್ ಕರಗಿದರೆ ಸಮುದ್ರ 1 ಮಿಲಿಮೀಟರ್ ಏರುತ್ತದೆ.

ಐಸೇ ಇಲ್ಲದ ಭೂಮಿ

ಧ್ರುವ ಅಂದರೆ ಬಿಳಿ ಎಂದು ನಮಗೆ ರೂಢಿಯಾಗಿದೆ. ಭೂಮಿಗೆ ಅದು ರೂಢಿಯಲ್ಲ. ಅದರ ಆಯಸ್ಸಿನ ಬಹುಪಾಲು ಕಾಲ ಧ್ರುವಗಳಲ್ಲಿ ದೊಡ್ಡ ಹಿಮಹಾಸು ಇರಲೇ ಇಲ್ಲ.

ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಕಲ್ಲು ಸುಮಾರು 8.8 ಕೋಟಿ ವರ್ಷ ಹಳೆಯದು. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ತಣಿದು ಕಂಬವಾದದ್ದು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ದಕ್ಷಿಣ ಧ್ರುವದ ಹತ್ತಿರ ಏನಿತ್ತು ಗೊತ್ತಾ? ಮಳೆಕಾಡು. 2017ರಲ್ಲಿ ಜರ್ಮನಿಯ ಸಂಶೋಧನಾ ಹಡಗು ಪಶ್ಚಿಮ ಅಂಟಾರ್ಕ್ಟಿಕಾದ ಅಮುಂಡ್ಸೆನ್ ಸಮುದ್ರದ ತಳವನ್ನು ಕೊರೆದಾಗ ಸುಮಾರು 9 ಕೋಟಿ ವರ್ಷ ಹಳೆಯ ಕಾಡಿನ ಮಣ್ಣು ಸಿಕ್ಕಿತು. ಅದರಲ್ಲಿ ಬೇರು ಇತ್ತು, ಪರಾಗ ಇತ್ತು. ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನೇ ಕಾಣದ ಜಾಗದಲ್ಲಿ ಮರಗಳು ನಿಂತಿದ್ದವು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಅಷ್ಟೊಂದು ಇತ್ತು, ಅದಕ್ಕೆ.

ಇದಕ್ಕೆ ತದ್ವಿರುದ್ಧದ ಕಾಲವೂ ಇತ್ತು. ಸುಮಾರು 30 ಕೋಟಿ ವರ್ಷದ ಹಿಂದೆ ಭಾರತ, ಅಂಟಾರ್ಕ್ಟಿಕಾ, ಆಫ್ರಿಕಾ ಎಲ್ಲ ಒಂದೇ ಗೊಂಡ್ವಾನಾ ಖಂಡವಾಗಿ ದಕ್ಷಿಣಕ್ಕಿದ್ದವು. ಆಗ ನಮ್ಮ ನೆಲದ ಮೇಲೇ ಹಿಮಹಾಸು ಹರಿದಿತ್ತು. ಒಡಿಶಾದ ತಾಲ್ಚೇರಿನಲ್ಲಿ ಅದು ಹೊತ್ತು ತಂದು ಬಿಟ್ಟುಹೋದ ಬಂಡೆಗಳ ಪದರ ಇವತ್ತಿಗೂ ಇದೆ. ಬ್ರಿಟಿಷರ ಕಾಲದ ಭೂವಿಜ್ಞಾನಿಗಳು ಕಲ್ಲಿದ್ದಲು ಹುಡುಕಲು ಹೋಗಿ ಅದನ್ನು ಕಂಡರು. ಬೇಸಿಗೆಯಲ್ಲಿ ಬೇಯುವ ಊರಿನಲ್ಲಿ ಹಿಮದ ಗುರುತು ಇದೆ ಎಂದರೆ ಆಗ ನಂಬುವವರು ಎಷ್ಟು ಮಂದಿ ಇದ್ದಿರಬಹುದು!

ಇವತ್ತಿನ ಅಂಟಾರ್ಕ್ಟಿಕಾದ ಹಾಸು ಶುರುವಾದದ್ದು ಸುಮಾರು 3.4 ಕೋಟಿ ವರ್ಷದ ಹಿಂದೆ. ಅಂಟಾರ್ಕ್ಟಿಕಾದ ಸುತ್ತ ಸಮುದ್ರ ತೆರೆದುಕೊಂಡು ತಣ್ಣನೆಯ ಪ್ರವಾಹ ಸುತ್ತಲು ಶುರುವಾದದ್ದೇ ಕಾರಣ ಎಂದು ಮೊದಲು ಹೇಳುತ್ತಿದ್ದರು. 2003ರಲ್ಲಿ ಡಿಕಾಂಟೊ ಮತ್ತು ಪೊಲಾರ್ಡ್ ಎಂಬ ಇಬ್ಬರು ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ್ದು ಬೇರೆ: ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಂದು ಮಿತಿಗಿಂತ ಕೆಳಗಿಳಿದದ್ದೇ ದೊಡ್ಡ ಕಾರಣ. ಮಿತಿ ದಾಟಿದ ಮೇಲೆ ಐಸ್ ಹಂತಹಂತವಾಗಿ ಬೆಳೆಯಲಿಲ್ಲ, ಭೂಮಿಯ ಲೆಕ್ಕದಲ್ಲಿ ಒಂದೇ ನೆಗೆತ. ಸಮುದ್ರತಳದ ಕೆಸರಿನಲ್ಲಿರುವ ಅತಿ ಸಣ್ಣ ಚಿಪ್ಪುಗಳು ಇದಕ್ಕೆ ಸಾಕ್ಷಿ. ನೀರಿನ ಆಕ್ಸಿಜನ್ನಿನಲ್ಲಿ ಹಗುರದ್ದು, ಭಾರದ್ದು ಎಂಬ ಬಗೆಗಳಿವೆ. ಹಗುರ ಆಕ್ಸಿಜನ್ ಇರುವ ನೀರು ಸುಲಭವಾಗಿ ಆವಿಯಾಗಿ ಹಿಮವಾಗಿ ಬೀಳುತ್ತದೆ. ಅದು ನೆಲದ ಮೇಲೆ ಐಸಾಗಿ ಸಿಕ್ಕಿಹಾಕಿಕೊಂಡರೆ ಸಮುದ್ರದಲ್ಲಿ ಭಾರದ ಆಕ್ಸಿಜನ್ನಿನ ಪಾಲು ಹೆಚ್ಚುತ್ತದೆ. ಚಿಪ್ಪು ಆ ಅನುಪಾತವನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಚಳಿ ಹೆಚ್ಚಾದರೂ ಈ ಅನುಪಾತ ಬದಲಾಗುತ್ತದೆ, ಹಾಗಾಗಿ ಎರಡನ್ನೂ ಬಿಡಿಸಿ ನೋಡಬೇಕು. ಹಳೆಯ ಹಿಮದ ಲೆಕ್ಕದಲ್ಲಿ ಅಂದಾಜಿನ ಅಂತರ ದೊಡ್ಡದಾಗಿರುವುದಕ್ಕೆ ಇದೂ ಒಂದು ಕಾರಣ.

ಉತ್ತರದ ಹಿಮ ಬಹಳ ತಡ. ಗ್ರೀನ್‌ಲ್ಯಾಂಡ್, ಉತ್ತರ ಅಮೆರಿಕ, ಯುರೋಪಿನಲ್ಲಿ ದೊಡ್ಡ ಹಾಸು ಬೆಳೆಯಲು ಶುರುವಾದದ್ದು ಸುಮಾರು 27 ಲಕ್ಷ ವರ್ಷದ ಹಿಂದೆ. ಅದಕ್ಕೆ ಸ್ವಲ್ಪ ಮೊದಲು, 30 ಲಕ್ಷ ವರ್ಷದ ಹಿಂದೆ, ಕಾರ್ಬನ್ ಡೈಆಕ್ಸೈಡ್ ಸುಮಾರು 400 ಪಿಪಿಎಂ ಇತ್ತು. ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ. ಆಗಿನ ಸಮುದ್ರ ಇವತ್ತಿಗಿಂತ 5ರಿಂದ 25 ಮೀಟರ್ ಎತ್ತರ ಇತ್ತು ಎಂದು ಅಂದಾಜು. ಅಂತರ ದೊಡ್ಡದು, ಒಪ್ಪೋಣ. ಆದರೆ ಕೆಳಗಿನ ಅಂಕಿಯನ್ನೇ ಹಿಡಿದರೂ 5 ಮೀಟರ್. ಇವತ್ತು ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ ದಾಟಿಯಾಗಿದೆ.

ಕಡಲು ಹತ್ತಾರು ಕಿಲೋಮೀಟರ್ ಆಚೆ ಇದ್ದ ಕಾಲ

ಕಳೆದ 27 ಲಕ್ಷ ವರ್ಷದಲ್ಲಿ ಹಿಮ ಬಂತು, ಹೋಯಿತು, ಮತ್ತೆ ಬಂತು. ಮೊದಲು ಸುಮಾರು 41,000 ವರ್ಷಕ್ಕೊಮ್ಮೆ. ಸುಮಾರು ಹತ್ತು ಲಕ್ಷ ವರ್ಷದಿಂದ ಈಚೆಗೆ ಹೆಚ್ಚುಕಡಿಮೆ ಲಕ್ಷ ವರ್ಷಕ್ಕೊಮ್ಮೆ. ಭೂಮಿಯ ಕಕ್ಷೆಯ ಆಕಾರ, ಅಕ್ಷದ ಓರೆ, ಅಕ್ಷ ಬುಗುರಿಯಂತೆ ತೂಗಾಡುವುದು, ಈ ಮೂರೂ ಸೇರಿ ಉತ್ತರದ ಬೇಸಿಗೆಗೆ ಸಿಗುವ ಬಿಸಿಲನ್ನು ಬದಲಿಸುತ್ತವೆ. ಸರ್ಬಿಯಾದ ಮಿಲಾಂಕೊವಿಚ್ ಇದರ ಲೆಕ್ಕದ ದೊಡ್ಡ ಭಾಗವನ್ನು ಮಾಡಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಬುಡಾಪೆಸ್ಟಿನಲ್ಲಿ ನಿರ್ಬಂಧದಲ್ಲಿದ್ದಾಗ. 1976ರಲ್ಲಿ ಸಮುದ್ರತಳದ ಕೆಸರು ಆ ಲೆಕ್ಕವನ್ನು ಸರಿ ಎಂದಿತು.

ಬಿಸಿಲು ಬರೀ ಚಾಲನೆ ಕೊಡುತ್ತದೆ. ಕೆಲಸ ಜೋರಾಗುವುದು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿದಾಗ. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಕೊರೆದು ತೆಗೆದ ಐಸಿನಲ್ಲಿ ಕಳೆದ 8 ಲಕ್ಷ ವರ್ಷದ ಗಾಳಿಯ ಗುಳ್ಳೆಗಳಿವೆ. ಅಷ್ಟೂ ಕಾಲ ಕಾರ್ಬನ್ ಡೈಆಕ್ಸೈಡ್ ಸುಮಾರು 180 ಮತ್ತು 300 ಪಿಪಿಎಂ ನಡುವೆಯೇ ಆಡಿದೆ. 2025ರ ಜನವರಿಯಲ್ಲಿ ಯುರೋಪಿನ ತಂಡ ಅಲ್ಲೇ ಹತ್ತಿರ 2,800 ಮೀಟರ್ ಆಳ ಕೊರೆದು, 12 ಲಕ್ಷ ವರ್ಷ ಹಳೆಯ ಐಸ್ ಮುಟ್ಟಿದ್ದೇವೆ ಎಂದು ಹೇಳಿತು. ಲಯ 41,000 ವರ್ಷದಿಂದ ಲಕ್ಷ ವರ್ಷಕ್ಕೆ ಯಾಕೆ ಬದಲಾಯಿತು ಎಂಬ ಪ್ರಶ್ನೆಗೆ ಉತ್ತರ ಆ ಐಸಿನಲ್ಲಿ ಸಿಗಬಹುದು ಎಂಬ ಆಸೆ ಇದೆ.

ಕೊನೆಯ ಹಿಮಯುಗದ ಉತ್ತುಂಗ ಸುಮಾರು 21,000 ವರ್ಷದ ಹಿಂದೆ. ಕೆನಡಾದ ಮೇಲೆ ಮೂರು ಕಿಲೋಮೀಟರ್ ದಪ್ಪದ ಐಸ್. ಸಮುದ್ರ ಇವತ್ತಿಗಿಂತ 120ರಿಂದ 130 ಮೀಟರ್ ಕೆಳಗೆ. ನಮ್ಮ ಪಶ್ಚಿಮ ಕರಾವಳಿಯ ಎದುರಿನ ಸಮುದ್ರತಳ ಮೊದಲು ನಿಧಾನಕ್ಕೆ ಇಳಿದು, ಬಹಳ ದೂರದ ಮೇಲೆ ದಿಢೀರನೆ ಆಳವಾಗುತ್ತದೆ. ಆ ಚಪ್ಪಟೆ ಭಾಗ ಗುಜರಾತಿನ ಕಡೆ ಬಹಳ ಅಗಲ, ದಕ್ಷಿಣಕ್ಕೆ ಬಂದ ಹಾಗೆ ಕಿರಿದು. ಆದರೂ ಕಾಸರಗೋಡಿನ ಎದುರು ಹತ್ತಾರು ಕಿಲೋಮೀಟರ್ ಇದೆ. ಆಗ ಅಷ್ಟೂ ಒಣನೆಲ. ಚಂದ್ರಗಿರಿ ಹೊಳೆ ತಳಂಗರೆಯ ಹತ್ತಿರ ಕಡಲು ಸೇರುತ್ತಿರಲಿಲ್ಲ, ಇವತ್ತು ಟ್ರಾಲರ್ ಬೋಟುಗಳು ಬಲೆ ಎಳೆಯುವ ಜಾಗದಾಚೆಗೂ ಹರಿದುಹೋಗುತ್ತಿತ್ತು. ಹೊಳೆಯಲ್ಲಿ ಇವತ್ತಿನಷ್ಟು ನೀರೂ ಇದ್ದಿರಲಾರದು, ಯಾಕೆಂದರೆ ಹಿಮಯುಗದಲ್ಲಿ ನಮ್ಮ ಮುಂಗಾರು ದುರ್ಬಲವಾಗಿತ್ತು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಈ ತಳದ ಹೊರ ಅಂಚಿನಿಂದ ಎತ್ತಿದ ಮರಳಿನಲ್ಲಿ ಸುಣ್ಣದ ಸಣ್ಣ ಗುಂಡುಗಳಿವೆ. ಅವು ಆಗುವುದು ಬೆಚ್ಚಗಿನ, ತೀರಾ ಆಳವಿಲ್ಲದ ನೀರಿನಲ್ಲಿ ಮಾತ್ರ. ಇವತ್ತು ಅಲ್ಲಿ ಹತ್ತಾರು ಮೀಟರ್ ಆಳ. ಅಂದರೆ ಒಂದು ಕಾಲದಲ್ಲಿ ದಡ ಅಲ್ಲೇ ಇತ್ತು.

ಇಲ್ಲಿಗೆ ಬಂದಾಗ ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕತೆಯನ್ನು ಹಿಮಯುಗಕ್ಕೆ ಗಂಟುಹಾಕುವವರು ಇದ್ದಾರೆ. ನನಗೆ ಅದು ಕೂಡಿಬರುವ ಹಾಗೆ ಕಾಣುವುದಿಲ್ಲ. ಕಳೆದ 20,000 ವರ್ಷದ ದೊಡ್ಡ ಕತೆ ಕಡಲು ಮುಂದೆ ಬಂದದ್ದು, ಹಿಂದೆ ಹೋದದ್ದಲ್ಲ. ಕತೆಯನ್ನು ಕತೆಯಾಗಿಯೇ ಇಟ್ಟುಕೊಂಡರೆ ಅದಕ್ಕೂ ಗೌರವ.

ಕಡಲು ಮುಂದೆ ಬಂದ ರೀತಿ ಈ ಲೇಖನದ ತಿರುಳು. 120 ಮೀಟರನ್ನು ಸಮನಾಗಿ ಹಂಚಿದರೆ ಶತಮಾನಕ್ಕೆ ಒಂದು ಮೀಟರ್ ಆಸುಪಾಸು ಬರುತ್ತದೆ. ಆದರೆ ಅದು ಸಮನಾಗಿ ಏರಲಿಲ್ಲ. ಕೆಲವು ಸಾವಿರ ವರ್ಷ ನಿಧಾನ. ನಂತರ ಸುಮಾರು 14,500 ವರ್ಷದ ಹಿಂದೆ ಒಂದು ಜಿಗಿತ. ಟಹೀಟಿ ದ್ವೀಪದ ಹಳೆಯ ಹವಳವನ್ನು ಕೊರೆದು ಕಾಲ ಲೆಕ್ಕಹಾಕಿದ ತಂಡ 2012ರಲ್ಲಿ ಹೇಳಿದ್ದು: ಸುಮಾರು 340 ವರ್ಷದೊಳಗೆ 14ರಿಂದ 18 ಮೀಟರ್. ಅಂದರೆ ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್, ಇವತ್ತಿನ ವೇಗದ ಹತ್ತು ಪಟ್ಟು. ಅಜ್ಜ ಕಂಡ ದಡವನ್ನು ಮೊಮ್ಮಗ ಕಾಣುತ್ತಿರಲಿಲ್ಲ. ಮತ್ತೆ ನಿಧಾನ, ಮತ್ತೆ ವೇಗ. ಕೊನೆಗೆ ಸುಮಾರು 7,000 ವರ್ಷದ ಹಿಂದೆ ಹೆಚ್ಚುಕಡಿಮೆ ನಿಂತಿತು.

ನಿಂತ ಮೇಲೆಯೇ ನಮ್ಮ ಕರಾವಳಿ ಈಗಿನ ರೂಪಕ್ಕೆ ಬಂದದ್ದು. ಹೊಳೆಗೂ ಕಡಲಿಗೂ ನಡುವೆ ವಲಿಯಪರಂಬದಂಥ ಸಪೂರ ಹೊಯಿಗೆ ಪಟ್ಟಿ, ಮೊಗ್ರಾಲ್ ಶಿರಿಯಾದ ಅಳಿವೆ, ಗದ್ದೆ ಬಯಲು, ಎಲ್ಲವೂ ಕಡಲು ಒಂದೇ ಕಡೆ ನಿಂತದ್ದರ ಫಲ. ಬೇಕಲ ಕೋಟೆಗೆ ಇನ್ನೂ 400 ವರ್ಷ ತುಂಬಿಲ್ಲ. ಅದಕ್ಕಿಂತ ಹಳೆಯ ದೇವಸ್ಥಾನ, ಕಾವು, ಮಸೀದಿ ಯಾವುದನ್ನೇ ತೆಗೆದುಕೊಂಡರೂ ಇದೇ ಶಾಂತ ಕಾಲದವು. ಕಡಲಿನ ಮಟ್ಟ ಸ್ಥಿರ ಎಂಬ ನಮ್ಮ ಅನುಭವ ಸುಳ್ಳಲ್ಲ. ಆದರೆ ಅದು ಬಹಳ ಚಿಕ್ಕ ಅವಧಿಯ ಅನುಭವ.

ಸ್ವಲ್ಪವೇ ಬಿಸಿ ಜಾಸ್ತಿಯಾದಾಗ ಏನಾಯಿತು

"ಆಗ ಐಸ್ ಅಷ್ಟೊಂದು ಇತ್ತು, ಅದಕ್ಕೆ ಅಷ್ಟು ಬೇಗ ಏರಿತು. ಈಗ ಉಳಿದಿರುವುದು ಧ್ರುವದ ಗಟ್ಟಿ ಐಸ್, ಅಲ್ವಾ?" ಈ ಆಕ್ಷೇಪ ನ್ಯಾಯವಾದದ್ದು. 14,500 ವರ್ಷದ ಹಿಂದಿನ ವೇಗವನ್ನು ಎತ್ತಿ ಇವತ್ತಿಗೆ ಅಂಟಿಸಬಾರದು. ಹೋಲಿಸುವುದಾದರೆ ಇವತ್ತಿನಷ್ಟೇ ಐಸ್ ಇದ್ದ, ಇವತ್ತಿನಂಥದೇ ಬೆಚ್ಚಗಿನ ಕಾಲವನ್ನು ನೋಡಬೇಕು. ಅಂಥದು ಇದೆ.

ಸುಮಾರು 1.29 ಲಕ್ಷದಿಂದ 1.16 ಲಕ್ಷ ವರ್ಷದ ಹಿಂದೆ, ಎರಡು ಹಿಮಯುಗಗಳ ನಡುವೆ, ಭೂಮಿಯ ಸರಾಸರಿ ಬಿಸಿ ಕಾರ್ಖಾನೆಗಳ ಮೊದಲಿನ ಕಾಲಕ್ಕಿಂತ 0.5ರಿಂದ 1.5 ಡಿಗ್ರಿ ಜಾಸ್ತಿ ಇತ್ತು. ಹೆಚ್ಚುಕಡಿಮೆ ಇವತ್ತಿನಷ್ಟೇ. ಆಗ ಸಮುದ್ರ ಎಷ್ಟಿತ್ತು? ಇವತ್ತಿಗಿಂತ ಹಲವು ಮೀಟರ್ ಮೇಲೆ. ಬಹಳಷ್ಟು ಅಧ್ಯಯನಗಳು 6ರಿಂದ 9 ಮೀಟರ್ ಎನ್ನುತ್ತವೆ. ನಮ್ಮದೇ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿ ಆಗಿನ ಹವಳಗಳು ಗ್ರಾನೈಟ್ ಬಂಡೆಗೆ ಅಂಟಿಕೊಂಡೇ ಉಳಿದಿವೆ, ಕೆಲವು ಇವತ್ತಿನ ನೀರಿನ ಮಟ್ಟದಿಂದ ಸುಮಾರು 8 ಮೀಟರ್ ಮೇಲೆ. ಹವಳ ನೀರಿನ ಹೊರಗೆ ಬೆಳೆಯುವುದಿಲ್ಲವಲ್ಲ.

ಅಷ್ಟು ನೀರು ಗ್ರೀನ್‌ಲ್ಯಾಂಡ್ ಒಂದರಿಂದಲೇ ಬಂದಿರಲಾರದು. ಅಂಟಾರ್ಕ್ಟಿಕಾವೂ ಕೊಟ್ಟಿರಬೇಕು. ಅದಕ್ಕೆ ಸುಳಿವು ಕೊಟ್ಟದ್ದು ಒಂದು ಆಕ್ಟೋಪಸ್. ಟರ್ಕೆಟ್ ಎಂಬ ಜಾತಿಯ ಈ ಪ್ರಾಣಿ ಅಂಟಾರ್ಕ್ಟಿಕಾದ ಸಮುದ್ರತಳದಲ್ಲಿ ತೆವಳಿಕೊಂಡು ಬದುಕುತ್ತದೆ, ದೂರ ಹೋಗುವುದಿಲ್ಲ. ವೆಡೆಲ್ ಸಮುದ್ರ ಮತ್ತು ರಾಸ್ ಸಮುದ್ರದ ನಡುವೆ ಇವತ್ತು ಇಡೀ ಪಶ್ಚಿಮ ಅಂಟಾರ್ಕ್ಟಿಕಾದ ಐಸ್ ಅಡ್ಡ ಕೂತಿದೆ. ಆದರೆ ಎರಡೂ ಕಡೆಯ ಆಕ್ಟೋಪಸ್‌ಗಳ ಡಿಎನ್‌ಎ ನೋಡಿದರೆ, ಅವು ಆ ಬೆಚ್ಚಗಿನ ಕಾಲದಲ್ಲಿ ಒಂದಕ್ಕೊಂದು ಬೆರೆತಿವೆ. ನಡುವೆ ನೀರಿನ ದಾರಿ ತೆರೆದಿರದೆ ಅದು ಹೇಗೆ? 2023ರ ಡಿಸೆಂಬರಿನಲ್ಲಿ ಈ ಅಧ್ಯಯನ ಬಂತು. ಐಸ್ ತಜ್ಞರು ದಶಕಗಳಿಂದ ಜಗಳಾಡುತ್ತಿದ್ದ ವಿಷಯಕ್ಕೆ ಜೀವಶಾಸ್ತ್ರದಿಂದ ಸಾಕ್ಷಿ ಸಿಕ್ಕಿತು.

ಗ್ರೀನ್‌ಲ್ಯಾಂಡಿನ ಕತೆ ಇನ್ನೂ ವಿಚಿತ್ರ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೇನೆ ಅಲ್ಲಿ ಐಸಿನೊಳಗೆ ಕ್ಯಾಂಪ್ ಸೆಂಚುರಿ ಎಂಬ ನೆಲೆ ಕಟ್ಟಿತ್ತು. 1966ರಲ್ಲಿ ಅಲ್ಲಿಂದ ಸುಮಾರು 1,390 ಮೀಟರ್ ಐಸ್ ಕೊರೆದು, ಅದರ ಅಡಿಯ ಮೂರು ಮೀಟರಿಗೂ ಹೆಚ್ಚು ಹೆಪ್ಪುಗಟ್ಟಿದ ಮಣ್ಣನ್ನೂ ತೆಗೆದರು. ಐಸಿನ ಮೇಲೆ ಎಲ್ಲರ ಕಣ್ಣು, ಮಣ್ಣನ್ನು ಕೇಳುವವರಿಲ್ಲ. ಅದು ಫ್ರೀಜರಿನಿಂದ ಫ್ರೀಜರಿಗೆ ಹೋಗಿ, 2017ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮತ್ತೆ ಸಿಕ್ಕಿತು. ತೊಳೆದು ನೋಡಿದರೆ ಒಳಗೆ ಎಲೆ, ಕಡ್ಡಿ, ಪಾಚಿ. ಆ ಮಣ್ಣಿಗೆ ಕೊನೆಯ ಸಲ ಬಿಸಿಲು ಬಿದ್ದದ್ದು ಸುಮಾರು 4.16 ಲಕ್ಷ ವರ್ಷದ ಹಿಂದೆ ಎಂದು 2023ರಲ್ಲಿ ಲೆಕ್ಕ ಸಿಕ್ಕಿತು. ಅಂದರೆ ಇವತ್ತು ಒಂದು ಕಿಲೋಮೀಟರಿಗಿಂತ ದಪ್ಪ ಐಸ್ ಇರುವ ಜಾಗದಲ್ಲಿ ಆಗ ನೆಲ ಬಯಲಾಗಿತ್ತು, ಗಿಡ ಬೆಳೆದಿತ್ತು. ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ ಅಂಕಿ ಬೇರೆ. ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇದ್ದದ್ದು ಸುಮಾರು 280 ಪಿಪಿಎಂ ಅಷ್ಟೇ. ಬೆಚ್ಚಗಿನ ಕಾಲ ಬಹಳ ದಿನ ಮುಂದುವರಿದರೆ, ಅಷ್ಟು ಸಾಕು.

"ಹಿಂದೆಯೂ ಹವಾಮಾನ ಬದಲಾಗಿತ್ತಲ್ಲ, ಈಗ ಯಾಕೆ ಗಲಾಟೆ?" ಎಂದು ಕೇಳುವವರಿಗೆ ಈ ದಾಖಲೆ ಸಮಾಧಾನ ಕೊಡುವುದಿಲ್ಲ. ಹೌದು, ಬದಲಾಗಿತ್ತು. ಬದಲಾದಾಗಲೆಲ್ಲ ಕಡಲು ಮೀಟರುಗಟ್ಟಲೆ ಏರಿಳಿದಿತ್ತು. ಕೊನೆಯ ಹಿಮಯುಗ ಮುಗಿಯುವಾಗ ಕಾರ್ಬನ್ ಡೈಆಕ್ಸೈಡ್ ಸುಮಾರು 80 ಪಿಪಿಎಂ ಏರಲು ಸಾವಿರಾರು ವರ್ಷ ಬೇಕಾಯಿತು. 1980ರಿಂದ ಈಚೆಗೆ ಅಷ್ಟೇ ಏರಿಕೆ 45 ವರ್ಷದೊಳಗೆ ಆಗಿದೆ.

ಕೂರಲು ನಿಧಾನ, ಏಳಲು ಬೇಗ

ಹಿಮಯುಗದ ಗ್ರಾಫ್ ನೋಡಿದರೆ ಗರಗಸದ ಹಲ್ಲು. ಐಸ್ ಸುಮಾರು 90,000 ವರ್ಷ ಏರುಪೇರಿನೊಂದಿಗೆ ಬೆಳೆಯುತ್ತದೆ, ಹತ್ತು ಸಾವಿರ ವರ್ಷದಲ್ಲಿ ಕುಸಿಯುತ್ತದೆ. ಕಾರಣ ಸರಳ. ಹಿಮ ಬೀಳುವುದಕ್ಕೆ ಒಂದು ಮಿತಿ ಇದೆ. ತಣ್ಣನೆಯ ಗಾಳಿಯಲ್ಲಿ ತೇವವೇ ಕಡಿಮೆ, ಅಂಟಾರ್ಕ್ಟಿಕಾದ ಒಳಭಾಗದಲ್ಲಿ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ನೀರಿನಷ್ಟು ಹಿಮ ಬೀಳುತ್ತದೆ. ಕರಗುವುದಕ್ಕೆ ಅಂಥ ಮಿತಿ ಇಲ್ಲ. ಮೇಲ್ಮೈ ಕರಗಿ ತಗ್ಗಾದರೆ ಅದು ಬೆಚ್ಚಗಿನ ಗಾಳಿಯ ಮಟ್ಟಕ್ಕೆ ಇಳಿಯುತ್ತದೆ, ಇನ್ನೂ ಕರಗುತ್ತದೆ. ಬಿಳಿ ಹೋಗಿ ಕಪ್ಪು ನೆಲ, ನೀರು ಕಂಡರೆ ಬಿಸಿಲನ್ನು ಹೀರುತ್ತದೆ, ಇನ್ನೂ ಕರಗುತ್ತದೆ.

ಪಶ್ಚಿಮ ಅಂಟಾರ್ಕ್ಟಿಕಾಕ್ಕೆ ಇನ್ನೊಂದು ತೊಂದರೆ. ಅಲ್ಲಿಯ ಐಸ್ ಕೂತಿರುವ ನೆಲ ಬಹುಪಾಲು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಸಾಲದ್ದಕ್ಕೆ ಅಂಚಿನಿಂದ ಒಳಗೆ ಹೋದಂತೆ ತಳ ಇನ್ನೂ ಆಳ. ಬೆಚ್ಚಗಿನ ಸಮುದ್ರದ ನೀರು ಅಂಚಿನ ಅಡಿಗೆ ನುಗ್ಗಿ ಐಸನ್ನು ನೆಲದಿಂದ ಎತ್ತಿದರೆ, ಹಿಂದಿನ ಐಸ್ ಇನ್ನೂ ದಪ್ಪ. ದಪ್ಪ ಐಸ್ ಬೇಗ ಹರಿಯುತ್ತದೆ. ಹಾಗಾಗಿ ಹಿಂದೆ ಸರಿಯುವುದು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದು ಕಷ್ಟ. ಅಮೆರಿಕದ ಜಾನ್ ಮರ್ಸರ್ 1978ರಲ್ಲೇ ಈ ಅಪಾಯ ಹೇಳಿದ್ದರು. ಇವತ್ತು ಎಲ್ಲರೂ ಕಣ್ಣಿಟ್ಟಿರುವ ಥ್ವೇಟ್ಸ್ ಹಿಮನದಿ ಇರುವುದು ಅಲ್ಲೇ. ಅಗಲ ಸುಮಾರು 120 ಕಿಲೋಮೀಟರ್, ಹೆಚ್ಚುಕಡಿಮೆ ಕಾಸರಗೋಡಿನಿಂದ ಉಡುಪಿ ದಾಟಿ ಹೋಗುವಷ್ಟು. ಅದೊಂದೇ ಪೂರ್ತಿ ಹೋದರೆ ಸಮುದ್ರ ಸುಮಾರು 65 ಸೆಂಟಿಮೀಟರ್ ಏರುತ್ತದೆ. ಯಾವಾಗ, ಎಷ್ಟು ಬೇಗ ಎಂಬಲ್ಲಿ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ದೊಡ್ಡ ಐಸ್ ಗೋಡೆಗಳು ಒಂದರ ಹಿಂದೆ ಒಂದು ಕುಸಿದು ಈ ಶತಮಾನದಲ್ಲೇ ಅನಾಹುತ ಆಗುತ್ತದೆ ಎಂದು 2016ರಲ್ಲಿ ಬಂದ ಲೆಕ್ಕವನ್ನು ಆಮೇಲಿನ ಕೆಲವು ಅಧ್ಯಯನಗಳು ಒಪ್ಪಿಲ್ಲ.

"ಅಂಟಾರ್ಕ್ಟಿಕಾದಲ್ಲಿ ಹಿಮ ಜಾಸ್ತಿ ಬೀಳ್ತಾ ಇದೆಯಂತಲ್ಲ?" ಕೆಲವು ಕಡೆ ಹೌದು. ಗಾಳಿ ಬೆಚ್ಚಗಾದರೆ ತೇವ ಹೆಚ್ಚು ಹೊರುತ್ತದೆ. ಭಾರತದ ಮೈತ್ರಿ ಮತ್ತು ಭಾರತಿ ನೆಲೆಗಳಿರುವ ಪೂರ್ವ ಅಂಟಾರ್ಕ್ಟಿಕಾದಲ್ಲಿ ನಷ್ಟ ಅಷ್ಟಾಗಿ ಕಾಣುವುದಿಲ್ಲ. ಆದರೆ ಪಶ್ಚಿಮದಲ್ಲಿ ಹೋಗುತ್ತಿರುವುದನ್ನು ಅದು ತುಂಬಿಕೊಡುತ್ತಿಲ್ಲ.

ದೂರ ಇದ್ದರೆ ಪಾರಾಗುವುದಿಲ್ಲ

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಐಸ್ ಕರಗಿದ ನೀರು ಎಲ್ಲ ಕಡೆ ಸಮನಾಗಿ ಏರುವುದಿಲ್ಲ. ಹಿಮಹಾಸು ಎಷ್ಟು ಭಾರ ಎಂದರೆ ಅದು ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ. ಐಸ್ ಹೋದರೆ ಆ ಎಳೆತ ಸಡಿಲ. ಪಕ್ಕದ ಸಮುದ್ರ ಇಳಿಯುತ್ತದೆ, ದೂರದ್ದು ಸರಾಸರಿಗಿಂತ ಜಾಸ್ತಿ ಏರುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾ ಕರಗಿದರೆ ಸರಾಸರಿಗಿಂತ ಹೆಚ್ಚಿನ ಪಾಲು ಸಿಗುವ ಜಾಗಗಳಲ್ಲಿ ಹಿಂದೂ ಮಹಾಸಾಗರವೂ ಒಂದು. ಅರಬ್ಬೀ ಸಮುದ್ರದ ದಡದಲ್ಲಿ ಕೂತು "ಧ್ರುವ ಎಲ್ಲಿ, ನಾವೆಲ್ಲಿ" ಎನ್ನುವ ಹಾಗಿಲ್ಲ.

ನಮ್ಮ ಅಂಕಿಗಳು ಹೀಗಿವೆ. ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ ಉತ್ತರ ಹಿಂದೂ ಮಹಾಸಾಗರ 1874ರಿಂದ 2004ರವರೆಗೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್ ಏರುತ್ತಿತ್ತು. 1993ರಿಂದ 2017ರ ನಡುವೆ ಅದು 3.3 ಮಿಲಿಮೀಟರ್. ವೇಗ ದುಪ್ಪಟ್ಟಾಗಿದೆ. ಈ ಏರಿಕೆಯಲ್ಲಿ ದೊಡ್ಡ ಪಾಲು ನೀರು ಬಿಸಿಯಾಗಿ ಹಿಗ್ಗಿದ್ದರದ್ದು. ಹಿಮಹಾಸಿನ ಪಾಲು ಈಗಷ್ಟೇ ದೊಡ್ಡದಾಗುತ್ತಿದೆ. ವರ್ಷಕ್ಕೆ ಇಷ್ಟು ಎಂದು ನೂರರಿಂದ ಗುಣಿಸುವುದು ಯಾಕೆ ತಪ್ಪು ಎನ್ನುವುದಕ್ಕೆ ಹಳೆಯ ಕಾಲದವರೆಗೆ ಹೋಗುವುದೂ ಬೇಡ, ನಮ್ಮದೇ ಕಡಲಿನ 150 ವರ್ಷದ ಲೆಕ್ಕ ಸಾಕು.

ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿದ ಪ್ರಕಾರ 2100ರ ಹೊತ್ತಿಗೆ ಜಗತ್ತಿನ ಸಮುದ್ರ, ಹೊಗೆ ಬಹಳ ಬೇಗ ಕಡಿಮೆಯಾದರೆ 28ರಿಂದ 55 ಸೆಂಟಿಮೀಟರ್, ಆಗದಿದ್ದರೆ 63 ಸೆಂಟಿಮೀಟರಿನಿಂದ 1 ಮೀಟರ್ ಏರಬಹುದು. ಹಿಮಹಾಸು ಕೈಕೊಟ್ಟರೆ 2 ಮೀಟರಿನ ಹತ್ತಿರ ಹೋಗುವ ಸಾಧ್ಯತೆಯನ್ನೂ ಅದು ತಳ್ಳಿಹಾಕಿಲ್ಲ. ಎರಡು ಸಾವಿರ ವರ್ಷದ ಲೆಕ್ಕದಲ್ಲಿ, ಬಿಸಿಯನ್ನು 1.5 ಡಿಗ್ರಿಗೆ ನಿಲ್ಲಿಸಿದರೂ 2ರಿಂದ 3 ಮೀಟರ್.

ಕಾಸರಗೋಡಿಗೆ ಇದು ಮೊದಲು ಮುಟ್ಟುವುದು ಮನೆ ಮುಳುಗುವ ರೂಪದಲ್ಲಿ ಅಲ್ಲ, ಕುಡಿಯುವ ನೀರಿನ ರೂಪದಲ್ಲಿ. ಕೇರಳದ 44 ಹೊಳೆಗಳಲ್ಲಿ 12 ಈ ಪುಟ್ಟ ಜಿಲ್ಲೆಯಲ್ಲೇ ಹರಿಯುತ್ತವೆ, ಎಲ್ಲವೂ ಮೋಟು ಹೊಳೆಗಳು. ಬೇಸಿಗೆಯಲ್ಲಿ ಹರಿವು ಕಡಿಮೆಯಾದ ಕೂಡಲೇ ಉಪ್ಪುನೀರು ಮೇಲಕ್ಕೆ ಬರುತ್ತದೆ. ಪಯಸ್ವಿನಿಯ ಬಾವಿಕ್ಕೆರೆಯಲ್ಲಿ ವರ್ಷ ವರ್ಷ ಮರಳಿನ ಚೀಲ ಇಟ್ಟು ತಾತ್ಕಾಲಿಕ ಕಟ್ಟ ಕಟ್ಟುತ್ತಿದ್ದದ್ದು, ಆದರೂ ಪೇಟೆಯ ನಲ್ಲಿಯಲ್ಲಿ ಉಪ್ಪುನೀರು ಬಂದದ್ದು ಊರವರಿಗೆ ಚೆನ್ನಾಗಿ ನೆನಪಿದೆ. ಈಗ ಅಲ್ಲಿ ಶಾಶ್ವತ ಅಣೆಕಟ್ಟು ಇದೆ. ಕಡಲು ಅರ್ಧ ಮೀಟರ್ ಏರಿದರೆ ಎಲ್ಲ 12 ಹೊಳೆಗಳಲ್ಲೂ ಉಪ್ಪು ಇನ್ನಷ್ಟು ಒಳಗೆ ಬರುತ್ತದೆ. ದಡದ ಬಾವಿಗಳೂ ಅಷ್ಟೇ.

ಈಗ ಯಾವ ಕೆಲಸಕ್ಕೆ ಯಾವ ಅಂಕಿ ಎಂಬ ಪ್ರಶ್ನೆ. ಇಪ್ಪತ್ತು ಮೂವತ್ತು ವರ್ಷ ಬಾಳುವ ತಡೆಗೋಡೆಗೆ ಇವತ್ತಿನ ವೇಗ ಹಿಡಿದರೆ ದೊಡ್ಡ ತಪ್ಪಾಗದು. ಅದರ ಶತ್ರು ಅಲೆ ಮತ್ತು ಹೊಯಿಗೆಯ ಕೊರತೆ. ಇವತ್ತು ನೆಟ್ಟ ತೆಂಗು ಅರುವತ್ತು ವರ್ಷ ನಿಲ್ಲುತ್ತದೆ, ಅದಕ್ಕೆ ಅರ್ಧ ಮೀಟರ್ ಹಿಡಿಯಬೇಕು. ನೂರು ವರ್ಷಕ್ಕೆಂದು ಕಟ್ಟುವ ಸೇತುವೆ, ಬಂದರು, ಹೊಳೆಯ ರೆಗ್ಯುಲೇಟರ್, ಕುಡಿಯುವ ನೀರಿನ ಸ್ಥಾವರಕ್ಕೆ ಒಂದು ಮೀಟರ್ ಲೆಕ್ಕ ಇಡಬೇಕು, ಎರಡು ಮೀಟರ್ ಬಂದರೆ ಏನು ಮಾಡುತ್ತೀರಿ ಎಂಬುದಕ್ಕೂ ಉತ್ತರ ಇರಬೇಕು. ಮುಂದಿನ ಸಲ ಇಂಥ ಯೋಜನೆಯ ಬಗ್ಗೆ ಊರಿನಲ್ಲಿ ಸಾರ್ವಜನಿಕ ಸಭೆ ಕರೆದಾಗ ಕೇಳಬಹುದಾದ ಮೊದಲ ಪ್ರಶ್ನೆ ಇದೇ: ನಕ್ಷೆ ಬರೆಯುವಾಗ ಕಡಲಿನ ಮಟ್ಟ ಎಷ್ಟು ಎಂದು ಹಿಡಿದಿದ್ದೀರಿ, ಯಾವ ವರ್ಷದ್ದು?